ಕಡಲೊಳಗಿನ ಛಾಯಾಗ್ರಹಣ ಮತ್ತು ಜೀವಿಗಳ ಚಿತ್ರೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರಜೀವಶಾಸ್ತ್ರ ನನ್ನ ವೃತ್ತಿ. ನೀರಿನೊಳಗೆ ಕಂಡದ್ದನ್ನು ದಾಖಲಿಸಲೆಂದು ಕೈಗೆತ್ತಿಕೊಂಡ ಕ್ಯಾಮೆರಾ ಕ್ರಮೇಣ ಆ ವೃತ್ತಿಯ ಅರ್ಧ ಭಾಗವನ್ನೇ ಆವರಿಸಿಕೊಂಡಿದೆ. ಉಪನ್ಯಾಸಗಳ ಕೊನೆಯಲ್ಲಿ, ಪತ್ರಗಳಲ್ಲಿ, ದೋಣಿಯ ಮೇಲಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಈಗ ಆರಂಭಿಸುತ್ತಿರುವವರಿಗೆ

ಮೊದಲು ಡೈವಿಂಗ್ ಕಲಿಯಬೇಕೇ, ಕ್ಯಾಮೆರಾ ಕಲಿಯಬೇಕೇ?

ಡೈವಿಂಗ್ ಮೊದಲು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ಕ್ಯಾಮೆರಾ ಕೈಯಲ್ಲಿದ್ದಾಗ ಗಮನವೆಲ್ಲ ಪರದೆಯ ಮೇಲಿರುತ್ತದೆ. ಸಿಲಿಂಡರಿನಲ್ಲಿ ಉಳಿದಿರುವ ಗಾಳಿ, ಇಳಿದಿರುವ ಆಳ, ಜೊತೆಗಾರ ಇರುವ ಜಾಗ, ಕಾಲಿನ ಫಿನ್‌ಗೆ ತಗಲುತ್ತಿರುವ ಹವಳ, ಇವೆಲ್ಲ ಮನಸ್ಸಿನಿಂದ ಜಾರಿಹೋಗುತ್ತವೆ. ಸುಮಾರು 30 ಮೀಟರ್ ದಾಟಿದ ಮೇಲೆ ನಾವು ಉಸಿರಾಡುವ ಗಾಳಿಯಲ್ಲಿನ ಸಾರಜನಕವೇ ಬುದ್ಧಿಯನ್ನು ಮಂಕಾಗಿಸತೊಡಗುತ್ತದೆ. ನೆಲದ ಮೇಲೆ ಚಿತ್ರ ಅಲುಗದಿರಲೆಂದು ಉಸಿರು ಬಿಗಿಹಿಡಿಯುವ ಅಭ್ಯಾಸವಿದ್ದವರು ಅದನ್ನು ಇಲ್ಲಿ ಬಿಡಲೇಬೇಕು, ಏಕೆಂದರೆ ಸಿಲಿಂಡರಿನ ಗಾಳಿಯನ್ನು ಎದೆಯಲ್ಲಿ ಹಿಡಿದಿಟ್ಟುಕೊಂಡು ಸ್ವಲ್ಪ ಮೇಲೇರಿದರೂ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲದು. ಕೈ ಆಡಿಸದೆ, ಫಿನ್ ಒದೆಯದೆ, ತಳದಿಂದ ಒಂದು ಮೀಟರ್ ಮೇಲೆ ಕೆಲವು ನಿಮಿಷ ಇದ್ದಲ್ಲೇ ತೇಲಲು ಬಂದ ಮೇಲೆ ಕ್ಯಾಮೆರಾ ಒಯ್ಯಿರಿ. ಅಲ್ಲಿಯವರೆಗೆ ಅದನ್ನು ಹೌಸಿಂಗ್ ಎಂಬ ನೀರು ನುಗ್ಗದ ಪೆಟ್ಟಿಗೆಯೊಳಗಿಟ್ಟು, ಕಣ್ಣು ಮುಚ್ಚಿದರೂ ಯಾವ ಗುಂಡಿ ಎಲ್ಲಿದೆಯೆಂದು ಬೆರಳಿಗೆ ತಿಳಿಯುವಷ್ಟು ನೆಲದ ಮೇಲೆಯೇ ಅಭ್ಯಾಸ ಮಾಡಿಕೊಳ್ಳಿ.

ಆರೋಗ್ಯದ ಕಾರಣಕ್ಕೆ ನಾನು ಡೈವಿಂಗ್ ಮಾಡುವಂತಿಲ್ಲ. ಹಾಗಾದರೆ ಈ ಕ್ಷೇತ್ರವೇ ನನಗಿಲ್ಲವೇ?

ಖಂಡಿತ ಇದೆ. 1914ರಲ್ಲಿ ಜಾನ್ ಅರ್ನೆಸ್ಟ್ ವಿಲಿಯಮ್ಸನ್ ಬಹಾಮಾಸ್‌ನಲ್ಲಿ ಸಮುದ್ರದೊಳಗಿನ ಚಲನಚಿತ್ರ ತೆಗೆದದ್ದು ಮೈ ಒದ್ದೆಯಾಗಿಸಿಕೊಳ್ಳದೆ, ಹಡಗಿನಿಂದ ಕೆಳಗಿಳಿಬಿಟ್ಟ ಕೊಳವೆಯ ತುದಿಯ ಕೋಣೆಯಲ್ಲಿ ಕುಳಿತು, ಅದರ ಕಿಟಕಿಯ ಮೂಲಕ. ಇಂದು ನಿಮ್ಮ ಮುಂದೆ ಇನ್ನೂ ಸುಲಭದ ದಾರಿಗಳಿವೆ. ಇಳಿತದ ವೇಳೆ ಕರಾವಳಿಯ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಕಡಲ ಹೂವು, ಏಡಿ, ನಕ್ಷತ್ರಮೀನು, ಸಣ್ಣ ಮೀನುಗಳು ಕೈಗೆಟುಕುವ ದೂರದಲ್ಲಿರುತ್ತವೆ. ಮೇಲ್ಮೈಯ ಹೊಳಪನ್ನು ಕತ್ತರಿಸಲು ಪೋಲರೈಸಿಂಗ್ ಫಿಲ್ಟರ್ ಒಂದಿದ್ದರೆ ಸಾಕು. ಅಲ್ಲಿ ಒಂದು ಎಚ್ಚರ: ನೋಡಲೆಂದು ಕಲ್ಲು ಮಗುಚಿದರೆ ಅದನ್ನು ಇದ್ದ ಹಾಗೆಯೇ ಮರಳಿ ಇಡಬೇಕು, ಇಲ್ಲವಾದರೆ ಅದರ ಅಡಿಯಲ್ಲಿ ಅಂಟಿಕೊಂಡಿರುವ ಸ್ಪಂಜುಗಳೂ ಮೊಟ್ಟೆಗಳೂ ಬಿಸಿಲಿಗೆ ಒಣಗಿ ಸಾಯುತ್ತವೆ. ವೈದ್ಯರ ಅನುಮತಿಯಿದ್ದರೆ ಮಾಸ್ಕ್ ಮತ್ತು ಉಸಿರಾಟದ ಕೊಳವೆಯಾದ ಸ್ನಾರ್ಕೆಲ್ ಹಾಕಿಕೊಂಡು ಮೇಲ್ಮೈಯಲ್ಲಿ ತೇಲಬಹುದು. ಬಣ್ಣ, ಬೆಳಕುಗಳ ದೃಷ್ಟಿಯಿಂದ ಮೇಲಿನ ಎರಡು ಮೂರು ಮೀಟರ್ ನೀರಿಗಿಂತ ಶ್ರೀಮಂತವಾದ ಜಾಗ ಸಮುದ್ರದಲ್ಲಿ ಬೇರೆ ಇಲ್ಲ.

ನನ್ನ ಫೋನ್ ವಾಟರ್‌ಪ್ರೂಫ್ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಅದನ್ನೇ ನೀರಿಗೆ ಒಯ್ಯಬಹುದೇ?

ಹಾಗೆಯೇ ಒಯ್ಯಬೇಡಿ. ಆ ಭರವಸೆ ಸಾಮಾನ್ಯವಾಗಿ ಅಲುಗದ ಸಿಹಿನೀರಿಗೆ, ನಿಗದಿತ ಆಳಕ್ಕೆ, ನಿಗದಿತ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಉಪ್ಪು ನೀರು ಅದರ ಲೆಕ್ಕದಲ್ಲಿ ಇರುವುದಿಲ್ಲ. ಟಚ್ ಸ್ಕ್ರೀನ್ ಕೂಡ ನೀರಿನೊಳಗೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಫೋನಿಗೆಂದೇ ತಯಾರಾದ, ಗುಂಡಿಗಳಿರುವ ಹೌಸಿಂಗ್ ಅಥವಾ ಒಂದು ಆ್ಯಕ್ಷನ್ ಕ್ಯಾಮೆರಾ ಇದ್ದರೆ ಬಿಸಿಲು ತಲುಪುವ ನೀರಿನಲ್ಲಿ ಒಳ್ಳೆಯ ವಿಡಿಯೊ ತೆಗೆಯಬಹುದು. ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಅದನ್ನು ಇನ್ನೂ ದುಬಾರಿ ಕ್ಯಾಮೆರಾದ ಮೇಲಲ್ಲ, ಒಂದು ಒಳ್ಳೆಯ ದೀಪದ ಮೇಲೆ ಹಾಕಿ.

ಹೌಸಿಂಗ್‌ನೊಳಗೆ ನೀರು ನುಗ್ಗೀತೆಂಬ ಭಯ ಬಿಡುವುದೇ ಇಲ್ಲ. ಏನು ಮಾಡಲಿ?

ಹೌಸಿಂಗ್‌ನ ಎರಡು ಭಾಗಗಳ ನಡುವೆ ಕುಳಿತಿರುವ ಓ-ರಿಂಗ್ ಎಂಬ ರಬ್ಬರ್ ಬಳೆಯೇ ನೀರನ್ನು ತಡೆಯುವುದು. ಅದರ ಮೇಲೆ ಒಂದು ತಲೆಗೂದಲು, ಒಂದು ಮರಳಿನ ಕಣ, ಟವೆಲಿನ ಒಂದು ಎಳೆ ಬಿದ್ದಿದ್ದರೂ ಸಾಕು, ನೀರಿಗೆ ದಾರಿ ಸಿಗುತ್ತದೆ. ಡೈವ್‌ನ ಹಿಂದಿನ ರಾತ್ರಿ, ಅವಸರವಿಲ್ಲದ ಹೊತ್ತಿನಲ್ಲಿ ಬಳೆಯನ್ನು ತೆಗೆದು, ಬೆರಳುಗಳ ನಡುವೆ ಮೆಲ್ಲನೆ ಎಳೆದು ಬಿರುಕಿದೆಯೇ ಎಂದು ನೋಡಿ, ಅದು ಕೂರುವ ಕಾಲುವೆಯನ್ನು ಒರೆಸಿ, ತಯಾರಕರೇ ಕೊಟ್ಟಿರುವ ಗ್ರೀಸನ್ನು ಮೇಲ್ಮೈ ಹೊಳೆಯುವಷ್ಟು ಮಾತ್ರ ಸವರಿ. ಗ್ರೀಸ್ ನೀರನ್ನು ತಡೆಯುವುದಿಲ್ಲ, ರಬ್ಬರ್ ಜರುಗಲು ನೆರವಾಗುತ್ತದೆ ಅಷ್ಟೇ. ಹೆಚ್ಚಾದರೆ ಕಸವನ್ನು ಹಿಡಿದಿಡುತ್ತದೆ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ, ಮತ್ತು ಈ ಒತ್ತಡ ಬಳೆಯನ್ನು ಇನ್ನಷ್ಟು ಬಿಗಿಯಾಗಿ ಕೂರಿಸುವುದರಿಂದ ಸೋರಿಕೆ ಬಹಳ ಸಲ ಕಾಣಿಸಿಕೊಳ್ಳುವುದು ಆಳದಲ್ಲಲ್ಲ, ಮೇಲಿನ ಒಂದೆರಡು ಮೀಟರಿನಲ್ಲಿ. ಆದ್ದರಿಂದ ನೀರಿಗೆ ಇಳಿದ ಕೂಡಲೇ ಹೌಸಿಂಗನ್ನು ಮುಳುಗಿಸಿ ಗುಳ್ಳೆಗಳ ಸಾಲು ಏಳುತ್ತಿದೆಯೇ ಎಂದು ನೋಡಿ. ಒಳಗಿನ ಗಾಳಿಯನ್ನು ಸ್ವಲ್ಪ ಹೀರಿ ತೆಗೆದು ಒತ್ತಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವ ವ್ಯಾಕ್ಯೂಮ್ ಪಂಪ್ ಇದ್ದರೆ ಈ ಪರೀಕ್ಷೆ ನೀರಿಗೆ ಇಳಿಯುವ ಮೊದಲೇ ಮುಗಿಯುತ್ತದೆ. ಮೇಲೆ ಬಂದ ಮೇಲೆ ಉಪ್ಪು ಒಣಗಲು ಬಿಡದೆ ಸಿಹಿನೀರಿನಲ್ಲಿ ನೆನೆಸಿ, ಎಲ್ಲ ಗುಂಡಿಗಳನ್ನೂ ಒತ್ತಿ ಬಿಟ್ಟು ತೊಳೆಯಬೇಕು.

## ಬೆಳಕು ಮತ್ತು ಬಣ್ಣ

ಕಣ್ಣಿಗೆ ಬಣ್ಣ ಕಾಣುತ್ತದೆ, ಚಿತ್ರದಲ್ಲಿ ಮಾತ್ರ ಎಲ್ಲವೂ ನೀಲಿ. ಏಕೆ ಹೀಗೆ?

ನೀರು ಬೆಳಕನ್ನು ಹೀರುತ್ತದೆ, ಆದರೆ ಎಲ್ಲ ಬಣ್ಣಗಳನ್ನೂ ಸಮನಾಗಿ ಹೀರುವುದಿಲ್ಲ. ಕೆಂಪು ಸುಮಾರು 5 ಮೀಟರಿನಲ್ಲೇ ಬಹುಪಾಲು ಕ್ಷೀಣಿಸುತ್ತದೆ, ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ತಿಳಿಯಾದ ಕಡಲಿನಲ್ಲಿ ಕೊನೆಗೆ ಉಳಿಯುವುದು ನೀಲಿ. ನಮ್ಮ ಮೆದುಳು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತದೆ. ಕ್ಯಾಮೆರಾದ ಸೆನ್ಸರ್ ಬಂದಷ್ಟನ್ನು ಮಾತ್ರ ದಾಖಲಿಸುತ್ತದೆ. ಹೆಚ್ಚಿನವರು ಮರೆಯುವ ಸಂಗತಿಯೆಂದರೆ ಈ ಲೆಕ್ಕದಲ್ಲಿ ಆಳದಷ್ಟೇ ಅಡ್ಡ ದೂರವೂ ಸೇರುತ್ತದೆ: 5 ಮೀಟರ್ ಆಳದಲ್ಲಿ, 3 ಮೀಟರ್ ದೂರದ ಮೀನಿನಿಂದ ಬರುವ ಬೆಳಕು ಒಟ್ಟು 8 ಮೀಟರ್ ನೀರನ್ನು ಹಾದಿರುತ್ತದೆ.

ಪರಿಹಾರ ಎರಡು ಬಗೆ. ಆಳವಿಲ್ಲದ ನೀರಿನಲ್ಲಿ, ಬಿಸಿಲಿನಲ್ಲಿ, ಆಯಾ ಆಳಕ್ಕೆ ತಕ್ಕಂತೆ ಬಿಳಿ ಅಥವಾ ಬೂದು ಫಲಕವನ್ನು ತೋರಿಸಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳ ಸಮತೋಲನ, ಹೊಂದಿಸಿಕೊಳ್ಳಬಹುದು. ಕೆಲವು ಮೀಟರ್ ಇಳಿದ ಕೂಡಲೇ ಅದನ್ನು ಮತ್ತೆ ಮಾಡಬೇಕು. ಅದಕ್ಕೂ ಕೆಳಗೆ ಬೆಳಕನ್ನು ನಾವೇ ಒಯ್ಯಬೇಕು. 1926ರಲ್ಲಿ ಮೀನುಗಳ ತಜ್ಞ ವಿಲಿಯಂ ಲಾಂಗ್ಲಿ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಕಡಲಿನಲ್ಲಿ ನೀರಿನೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆದಾಗ, ಸಾಕಷ್ಟು ಬೆಳಕಿಗಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಯಿತು. ಇಂದು ಆ ಕೆಲಸವನ್ನು ಸ್ಟ್ರೋಬ್ ಎಂಬ ಅಂಗೈಯಗಲದ ಫ್ಲ್ಯಾಶ್ ದೀಪ ಮಾಡುತ್ತದೆ. ಆದರೆ ಸ್ಟ್ರೋಬಿನ ಬೆಳಕೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೀರನ್ನು ದಾಟಬೇಕಾದ್ದರಿಂದ ಒಂದು ಮೀಟರಿನೊಳಗಿನ ವಸ್ತುವಿಗೆ ಮಾತ್ರ ಅದು ನಿಜವಾದ ಬಣ್ಣ ಕೊಡುತ್ತದೆಂದು ಎಣಿಸಿಕೊಳ್ಳುವುದು ಕ್ಷೇಮ.

ಫ್ಲ್ಯಾಶ್ ಹಾಕಿದರೆ ಚಿತ್ರದ ತುಂಬ ಹಿಮ ಸುರಿದ ಹಾಗೆ ಬಿಳಿ ಚುಕ್ಕೆಗಳು ಬರುತ್ತವೆ.

ಅದು ಬ್ಯಾಕ್‌ಸ್ಕ್ಯಾಟರ್. ನೀರಿನಲ್ಲಿ ತೇಲುವ ಪ್ಲವಕಗಳು, ಹೂಳಿನ ಕಣಗಳು ಸ್ಟ್ರೋಬಿನ ಬೆಳಕನ್ನು ನೇರವಾಗಿ ಲೆನ್ಸಿಗೆ ಹಿಂತಿರುಗಿಸುವುದರಿಂದ ಹೀಗಾಗುತ್ತದೆ. ಸ್ಟ್ರೋಬುಗಳನ್ನು ಉದ್ದನೆಯ ತೋಳುಗಳ ಮೇಲೆ ಲೆನ್ಸಿನಿಂದ ದೂರ, ಹೌಸಿಂಗ್‌ನ ಮುಂದಿನ ಗಾಜಾದ ಪೋರ್ಟಿಗಿಂತ ಸ್ವಲ್ಪ ಹಿಂದೆ ಇರಿಸಿ, ಮುಖವನ್ನು ತುಸು ಹೊರಕ್ಕೆ ತಿರುಗಿಸಿ. ಆಗ ವಸ್ತುವಿಗೆ ತಗಲುವುದು ಬೆಳಕಿನ ಅಂಚು ಮಾತ್ರ. ನಡುವಿನ ನೀರು ಕತ್ತಲಾಗಿಯೇ ಉಳಿಯುತ್ತದೆ. ತಳದ ಮರಳನ್ನು ಫಿನ್‌ನಿಂದ ಕಲಕುವವರಿಗೆ ಯಾವ ಸ್ಟ್ರೋಬ್ ಜೋಡಣೆಯೂ ನೆರವಾಗದು.

ಮೀನು ಚೆನ್ನಾಗಿ ಬರುತ್ತದೆ, ಹಿಂದಿನ ನೀರು ಮಾತ್ರ ಕಪ್ಪಾಗುತ್ತದೆ. ನೀಲಿ ಹೇಗೆ ತರುವುದು?

ಒಂದೇ ಚಿತ್ರದಲ್ಲಿ ಎರಡು ಬೆಳಕುಗಳಿವೆ ಎಂದು ತಿಳಿಯಿರಿ. ಮುಂದಿರುವ ಮೀನನ್ನು ಸ್ಟ್ರೋಬ್ ಬೆಳಗುತ್ತದೆ. ಅದನ್ನು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಮತ್ತು ಸ್ಟ್ರೋಬಿನ ಶಕ್ತಿ ನಿಯಂತ್ರಿಸುತ್ತವೆ. ಹಿಂದಿನ ನೀರನ್ನು ಬೆಳಗುವುದು ಸೂರ್ಯ. ಅದನ್ನು ಶಟರ್ ವೇಗದಿಂದ, ಅಂದರೆ ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡುತ್ತೇವೆ ಎಂಬುದರಿಂದ, ಹೆಚ್ಚು ಕಡಿಮೆ ಮಾಡಬಹುದು. ಮೊದಲು ಸ್ಟ್ರೋಬ್ ಬಂದ್ ಮಾಡಿ, ಇಷ್ಟವಾದ ನೀಲಿ ಬರುವವರೆಗೆ ಶಟರ್ ನಿಧಾನಗೊಳಿಸಿ. ಆಮೇಲೆ ಸ್ಟ್ರೋಬ್ ಹಚ್ಚಿ. ಕ್ಯಾಮೆರಾವನ್ನು ಕೆಳಗಿನಿಂದ ಮೇಲ್ಮುಖವಾಗಿ ಹಿಡಿದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ.

ಡೋಮ್ ಪೋರ್ಟ್ ತೆಗೆದುಕೊಳ್ಳಲೇ, ಫ್ಲ್ಯಾಟ್ ಪೋರ್ಟ್ ತೆಗೆದುಕೊಳ್ಳಲೇ?

ಅಗಲ ನೋಟದ ವೈಡ್ ಆಂಗಲ್ ಲೆನ್ಸಿಗೆ ಡೋಮ್, ಸಣ್ಣದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಫ್ಲ್ಯಾಟ್. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಚಪ್ಪಟೆ ಗಾಜಿನ ಹಿಂದೆ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಸಣ್ಣ ಜೀವಿಗಳಿಗೆ ಇದು ಲಾಭವೇ. ಗೋಳಾಕಾರದ ಡೋಮ್ ಲೆನ್ಸಿನ ಅಗಲವಾದ ನೋಟವನ್ನು ಉಳಿಸಿಕೊಡುತ್ತದೆ, ಆದರೆ ಅದರ ಹಿಂದಿನಿಂದ ಲೆನ್ಸ್ ನೋಡುವುದು ಡೋಮಿನ ಹತ್ತಿರವೇ ಮೂಡುವ ಮಿಥ್ಯಾಬಿಂಬವನ್ನು. ಹಾಗಾಗಿ ಹತ್ತಿರಕ್ಕೆ ಫೋಕಸ್ ಮಾಡಬಲ್ಲ ಲೆನ್ಸನ್ನೇ ಆರಿಸಿಕೊಳ್ಳಬೇಕು, ಮತ್ತು ಮೂಲೆಗಳು ಮಸುಕಾಗದಿರಲು ಅಪರ್ಚರನ್ನು ಕಿರಿದಾಗಿಸಬೇಕು.

ನೀರು ಕಲಕಿದ ದಿನ ಕ್ಯಾಮೆರಾ ಒಯ್ಯುವುದು ವ್ಯರ್ಥವೇ?

ಅಲ್ಲ. ಮ್ಯಾಕ್ರೋ ಲೆನ್ಸ್ ಹಾಕಿಕೊಳ್ಳಿ. ಒಂದು ಗೇಣು ನೀರು ಎಷ್ಟು ಕಲಕಿದ್ದರೂ ಪಾರದರ್ಶಕವಾಗಿಯೇ ಇರುತ್ತದೆ.

## ಜೀವಿಗಳ ಸನಿಹದಲ್ಲಿ

ಮೀನಿಗೆ ತೊಂದರೆಯಾಗದಂತೆ ಎಷ್ಟು ಹತ್ತಿರ ಹೋಗಬಹುದು?

ಮೀಟರಿನ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಉತ್ತರವನ್ನು ಜೀವಿಯೇ ಹೇಳುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಮರಳು ತಳದಲ್ಲಿ ಗೋಬಿ ಎಂಬ ಸಣ್ಣ ಮೀನೂ ಆಲ್ಫಿಯಸ್ ಕುಲದ ಸಿಗಡಿಯೂ ಒಂದೇ ಬಿಲದಲ್ಲಿ ಬಾಳುತ್ತವೆ. ಸಿಗಡಿಗೆ ದೃಷ್ಟಿ ಮಂದ. ಅದು ಬಿಲದೊಳಗಿನ ಮರಳನ್ನು ತಳ್ಳಿಕೊಂಡು ಹೊರಗೆ ಬಂದು ಹಾಕುವಾಗಲೆಲ್ಲ ತನ್ನ ಒಂದು ಮೀಸೆಯನ್ನು ಕಾವಲು ನಿಂತ ಗೋಬಿಯ ಮೈಗೆ ತಾಗಿಸಿಯೇ ಇರುತ್ತದೆ. ನೀವು ದೂರದಲ್ಲಿರುವಾಗ ಸಿಗಡಿ ಒಳಗೂ ಹೊರಗೂ ಓಡಾಡುತ್ತಿರುತ್ತದೆ. ಇನ್ನಷ್ಟು ಸಮೀಪಿಸಿದಾಗ ಗೋಬಿ ಬೆನ್ನಿನ ಈಜುರೆಕ್ಕೆಯನ್ನು ನಿಮಿರಿಸುತ್ತದೆ, ಸಿಗಡಿಯ ಓಡಾಟ ನಿಧಾನವಾಗುತ್ತದೆ. ಮತ್ತೂ ಮುಂದುವರಿದರೆ ಗೋಬಿ ಬಾಲವನ್ನು ಸಣ್ಣಗೆ ಕಂಪಿಸುತ್ತದೆ. ಆ ಕಂಪನ ಮೀಸೆಗೆ ತಗಲಿದೊಡನೆ ಸಿಗಡಿ ಒಳಗೆ ಸೇರಿಕೊಳ್ಳುತ್ತದೆ. ಆಮೇಲಿನ ಹೆಜ್ಜೆಗೆ ಗೋಬಿಯೂ ತಲೆ ಮುಂದಾಗಿ ಬಿಲಕ್ಕೆ ನುಗ್ಗುತ್ತದೆ.

ಬಾಲದ ಕಂಪನ ಕಂಡ ಕ್ಷಣವೇ ನಿಮ್ಮ ಗಡಿ. ಅಲ್ಲಿ ನಿಂತು, ಒಂದಿಷ್ಟು ಹಿಂದೆ ಸರಿದು, ಉಸಿರನ್ನು ನಿಧಾನಗೊಳಿಸಿ ಕಾಯಿರಿ. ಸಿಗಡಿ ಮತ್ತೆ ಮರಳು ಹೊತ್ತು ಬಂದರೆ ನಿಮ್ಮ ಇರುವಿಕೆಯನ್ನು ಆ ಜೋಡಿ ಒಪ್ಪಿಕೊಂಡಿದೆ ಎಂದರ್ಥ, ಮತ್ತು ತೆಗೆಯಲು ಯೋಗ್ಯವಾದ ಚಿತ್ರ ಇರುವುದು ಆ ಹೊತ್ತಿನಲ್ಲಿ. ಒಂದೊಂದು ಜಾತಿಗೂ ಇಂತಹ ಸೂಚನೆಗಳ ಒಂದು ಕ್ರಮವಿರುತ್ತದೆ. ಅದನ್ನು ಓದಲು ಕಲಿಯುವುದು ಯಾವ ಲೆನ್ಸಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆದರಿದ ಜೀವಿಯ ಚಿತ್ರದಲ್ಲಿ ದಾಖಲಾಗುವುದು ಅದರ ಬದುಕಲ್ಲ, ನಮ್ಮ ಆಗಮನ.

ಫ್ಲ್ಯಾಶ್‌ನಿಂದ ಮೀನುಗಳು, ಕಡಲಕುದುರೆಗಳು ಕುರುಡಾಗುತ್ತವೆ ಎನ್ನುತ್ತಾರೆ. ನಿಜವೇ?

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಕಡಲಕುದುರೆಗಳ ಕಣ್ಣಿನಲ್ಲಿ ಫ್ಲ್ಯಾಶ್‌ನಿಂದಾದ ಹಾನಿ ಕಾಣಲಿಲ್ಲ. ಮುಳುಗುಗಾರರು ಜೀವಿಯನ್ನು ಮುಟ್ಟಿ ಸರಿಸಿದಾಗ ಉಂಟಾದ ಪ್ರತಿಕ್ರಿಯೆ ಫ್ಲ್ಯಾಶ್‌ನದಕ್ಕಿಂತ ಬಹಳ ತೀವ್ರವಾಗಿತ್ತು. ಇದನ್ನು ಓದಿ ಎರಡು ಸೆಂಟಿಮೀಟರ್ ಉದ್ದದ ಪಿಗ್ಮಿ ಕಡಲಕುದುರೆಯ ಮುಂದೆ ಹತ್ತು ಜನ ಸರದಿಯಲ್ಲಿ ನಿಂತು ಮನಬಂದಷ್ಟು ಫ್ಲ್ಯಾಶ್ ಸಿಡಿಸಬಹುದೆಂದು ತಿಳಿಯಬಾರದು. ಅಧ್ಯಯನ ಕೆಲವೇ ಜಾತಿಗಳದ್ದು, ಮತ್ತು ಅಂತಹ ಸರದಿಯಲ್ಲಿ ಆ ಜೀವಿ ಅಂಟಿಕೊಂಡಿರುವ ಬೀಸಣಿಗೆ ಹವಳಕ್ಕೆ ಯಾರದೋ ಕೈ, ಯಾರದೋ ಫಿನ್ ತಗಲಿಯೇ ತಗಲುತ್ತದೆ. ಕೆಲವು ಚಿತ್ರ ತೆಗೆದು ಜಾಗ ಬಿಡುವುದು ನನ್ನ ಪದ್ಧತಿ. ಮೊಟ್ಟೆಯಿಡಲು ದಡಕ್ಕೆ ಬಂದ ಕಡಲಾಮೆಯ ವಿಷಯ ಪೂರ್ತಿ ಬೇರೆ: ಅಲ್ಲಿ ಫ್ಲ್ಯಾಶ್ ಆಗಲಿ ಬಿಳಿಯ ಟಾರ್ಚ್ ಆಗಲಿ ಬೇಡವೇ ಬೇಡ, ಏಕೆಂದರೆ ಬೆಳಕು ತಾಯಿಯನ್ನು ಹಿಂದಕ್ಕಟ್ಟುತ್ತದೆ, ಮರಿಗಳನ್ನು ದಾರಿ ತಪ್ಪಿಸುತ್ತದೆ.

ಜೀವಿಯನ್ನು ಸ್ವಲ್ಪ ಸರಿಸಿದರೆ, ಒಂದು ತುಣುಕು ಆಹಾರ ಹಾಕಿದರೆ ತಪ್ಪೇನು? ಎಲ್ಲರೂ ಮಾಡುತ್ತಾರಲ್ಲ?

ತಪ್ಪು, ಮತ್ತು ಅದಕ್ಕೆ ಕಾರಣ ಭಾವುಕತೆಯಲ್ಲ. ಚಿಪ್ಪಿಲ್ಲದ ಕಡಲ ಬಸವನಹುಳುವಾದ ನ್ಯೂಡಿಬ್ರ್ಯಾಂಕನ್ನು ಅದು ತಿನ್ನುತ್ತಿದ್ದ ಸ್ಪಂಜಿನಿಂದ ಎತ್ತಿ ಬಣ್ಣದ ಹಿನ್ನೆಲೆಯ ಮೇಲಿಟ್ಟರೆ ಆ ಜೀವಿ ಆಹಾರದಿಂದ ದೂರವಾಗುತ್ತದೆ, ಚಿತ್ರ ನೋಡಿದ ಸಂಶೋಧಕರು ಅದರ ಆಹಾರವನ್ನು ತಪ್ಪಾಗಿ ಬರೆದುಕೊಳ್ಳುತ್ತಾರೆ. ಉಬ್ಬಲೆಂದು ಪಫರ್ ಮೀನನ್ನು ಕೆಣಕುವುದು ಅದರ ಪ್ರಾಣಭಯವನ್ನು ಪ್ರದರ್ಶನಕ್ಕಿಡುವುದಲ್ಲದೆ ಬೇರೇನೂ ಅಲ್ಲ. ಸಂಶೋಧನೆಗಾಗಿ ಆಹಾರವಿಟ್ಟು ದೂರದ ಕ್ಯಾಮೆರಾದಲ್ಲಿ ಮೀನುಗಳನ್ನು ಎಣಿಸುವ ವಿಧಾನವೊಂದಿದೆ. ಅಲ್ಲಿ ಆಹಾರ ಇಟ್ಟದ್ದನ್ನು ವರದಿಯಲ್ಲೇ ಹೇಳಲಾಗುತ್ತದೆ. ಹೇಳದೆ ಮಾಡಿದ್ದು ನೋಡುಗರಿಗೆ ಮಾಡಿದ ಮೋಸ.

ತಿಮಿಂಗಿಲ, ಡಾಲ್ಫಿನ್, ಕಡಲಾಮೆ ಎದುರಾದರೆ ಹೇಗೆ ವರ್ತಿಸಬೇಕು?

ಬೆನ್ನಟ್ಟಬೇಡಿ, ಎದುರಿನಿಂದ ಅಡ್ಡಗಟ್ಟಬೇಡಿ, ಮೇಲಿನಿಂದ ಎರಗಬೇಡಿ. ಇವೆಲ್ಲವೂ ಗಾಳಿಗಾಗಿ ಮೇಲ್ಮೈಗೆ ಬರಲೇಬೇಕಾದ ಜೀವಿಗಳು. ಆ ದಾರಿ ಸದಾ ತೆರೆದಿರಬೇಕು. ಪಕ್ಕದಲ್ಲಿ, ಅವು ಸಾಗುವ ದಿಕ್ಕಿನಲ್ಲೇ, ಅವುಗಳ ಕಣ್ಣಿಗೆ ಕಾಣುವಂತೆ ಇದ್ದು, ಹತ್ತಿರ ಬರುವ ನಿರ್ಧಾರವನ್ನು ಅವುಗಳಿಗೇ ಬಿಡಿ. ಎಷ್ಟು ದೂರವಿರಬೇಕು, ನೀರಿಗಿಳಿಯಲು ಪರವಾನಗಿ ಬೇಕೇ ಎಂಬ ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

## ಚಲನಚಿತ್ರ ಮತ್ತು ಧ್ವನಿ

ಫೋಟೊ ಚೆನ್ನಾಗಿ ಬರುತ್ತದೆ, ವಿಡಿಯೊ ಮಾತ್ರ ನೋಡಲಾಗುವುದಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಬಹುಮಟ್ಟಿಗೆ ಕ್ಯಾಮೆರಾವನ್ನು ಹೆಚ್ಚು ಚಲಿಸುವುದರಲ್ಲಿ. ಚಲಿಸಬೇಕಾದದ್ದು ಜೀವಿ. ಹೌಸಿಂಗ್ ಮುಂದಕ್ಕೂ ಹಿಂದಕ್ಕೂ ವಾಲದಂತೆ ತೇಲುಬುಂಡೆಗಳಿಂದ ಅದರ ತೂಕವನ್ನು ಸಮತೋಲನಗೊಳಿಸಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಪ್ರತಿ ದೃಶ್ಯವನ್ನು ಕನಿಷ್ಠ ಹತ್ತು ಸೆಕೆಂಡು ಹಿಡಿಯಿರಿ. ಮ್ಯಾಕ್ರೋ ದೃಶ್ಯಗಳಿಗೆ ಬರಿ ಮರಳಿನ ಮೇಲಿಡುವ ಸಣ್ಣ ಟ್ರೈಪಾಡ್ ಅನಿವಾರ್ಯ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಇದ್ದರೆ ಚಲನೆ ಸಹಜವಾಗಿ ಕಾಣುತ್ತದೆ.

ಇನ್ನೊಂದು ಕೊರತೆ ಕಥನದ್ದು. ಗಂಡು ಕ್ಲೌನ್‌ಫಿಶ್ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುವ ಒಂದು ಸುಂದರ ದೃಶ್ಯ ನಿಮ್ಮ ಬಳಿ ಇರಬಹುದು. ಆದರೆ ಅದು ಯಾವ ಜಾಗ ಎಂದು ತೋರಿಸುವ ಅಗಲ ದೃಶ್ಯ, ಗಂಡಿನ ಬಾಯಿ ಮೊಟ್ಟೆಗಳನ್ನು ಶುಚಿಗೊಳಿಸುವ ಸಮೀಪದೃಶ್ಯ, ಕಿತ್ತಳೆ ಬಣ್ಣದ ಮೊಟ್ಟೆಗಳಲ್ಲಿ ಕೆಲವು ದಿನಗಳ ನಂತರ ಮೂಡುವ ಬೆಳ್ಳಿಯ ಕಣ್ಣುಗಳು, ಹತ್ತಿರ ಬಂದ ಬೇರೆ ಮೀನು, ಅದನ್ನು ಓಡಿಸುವ ಹೆಣ್ಣು, ಇವೆಲ್ಲ ಸೇರದೆ ಸಂಕಲನಕಾರರಿಗೆ ಏನೂ ಮಾಡಲಾಗದು. ಮೊಟ್ಟೆಗಳು ಕತ್ತಲಾದ ಮೇಲೆ ಒಡೆಯುತ್ತವೆ ಎಂಬ ತಿಳಿವಳಿಕೆ ಇದ್ದವರೇ ಆ ಸಂಜೆ ಅಲ್ಲಿರುತ್ತಾರೆ.

ನನ್ನ ಗುಳ್ಳೆಗಳ ಸದ್ದಿಗೇ ಮೀನುಗಳು ಓಡುತ್ತವೆ. ರೀಬ್ರೀದರ್ ಕೊಳ್ಳಬೇಕೇ?

ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರಿ, ಆಮ್ಲಜನಕ ಸೇರಿಸಿ, ಅದೇ ಗಾಳಿಯನ್ನು ಮತ್ತೆ ಉಸಿರಾಡಲು ಕೊಡುವ ಉಪಕರಣ ರೀಬ್ರೀದರ್. ಗುಳ್ಳೆಗಳು ಇಲ್ಲದಂತಾದಾಗ ಹ್ಯಾಮರ್‌ಹೆಡ್ ಶಾರ್ಕ್‌ನಂತಹ ನಾಚುಗುಣದ ಜೀವಿಗಳು ಹತ್ತಿರ ಸುಳಿಯುತ್ತವೆ, ನೀರಿನಲ್ಲಿ ಬಹಳ ಹೊತ್ತು ಇರಲೂ ಸಾಧ್ಯವಾಗುತ್ತದೆ. ಆದರೆ ಆಮ್ಲಜನಕದ ಪ್ರಮಾಣ ತಪ್ಪಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಪ್ರತ್ಯೇಕ ತರಬೇತಿ, ಕಟ್ಟುನಿಟ್ಟಿನ ತಪಾಸಣೆ, ನಿರಂತರ ಅಭ್ಯಾಸ ಇಲ್ಲದವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಕ್ಯಾಮೆರಾವನ್ನು ಚಾಲೂ ಮಾಡಿ ತಳದಲ್ಲಿಟ್ಟು ದೂರ ಹೋಗುವುದು ಎಷ್ಟೋ ಸಲ ಅಷ್ಟೇ ಫಲ ಕೊಡುತ್ತದೆ.

ಸಾಕ್ಷ್ಯಚಿತ್ರಗಳಲ್ಲಿ ಕೇಳುವ ಸದ್ದುಗಳು ಸಮುದ್ರದೊಳಗಿನವೇ?

ಅನೇಕವು ಸ್ಟುಡಿಯೊದಲ್ಲಿ ಸೇರಿಸಿದವು. ಹೌಸಿಂಗ್‌ನೊಳಗಿನ ಮೈಕಿಗೆ ಗುಂಡಿಗಳ ಟಿಕ್‌ಟಿಕ್ ಮತ್ತು ನಮ್ಮ ಉಸಿರಾಟ ಬಿಟ್ಟು ಹೆಚ್ಚೇನೂ ಕೇಳುವುದಿಲ್ಲ. ಆದರೆ ನೀರಿನೊಳಗಿನ ಮೈಕಾದ ಹೈಡ್ರೋಫೋನ್ ಇಳಿಬಿಟ್ಟರೆ ಸ್ನ್ಯಾಪಿಂಗ್ ಸಿಗಡಿಗಳ ಚಟಪಟ, ಮೀನುಗಳ ಗುರುಗುಟ್ಟುವಿಕೆ, ಪ್ಯಾರಟ್‌ಫಿಶ್ ಹವಳ ಕೆರೆಯುವ ಸದ್ದು ಎಲ್ಲವೂ ಸ್ಪಷ್ಟ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್, ಅಂದರೆ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ಅದು ಯಾವ ಕಡೆಯಿಂದ ಬಂತೆಂದು ನಮ್ಮ ಕಿವಿಗೆ ತಿಳಿಯದು. ಅದೇ ಜಾಗದ ನಿಜವಾದ ಧ್ವನಿಯನ್ನು ಬೇರೆಯಾಗಿ ದಾಖಲಿಸಿ ಚಿತ್ರಕ್ಕೆ ಹೊಂದಿಸಿ ಎಂಬುದು ನನ್ನ ಬಲವಾದ ಸಲಹೆ.

## ಅನುಭವವುಳ್ಳವರಿಗೆ

ಅಪರೂಪದ ಘಟನೆಗಳು ಕೆಲವರಿಗೆ ಮಾತ್ರ ಹೇಗೆ ಸಿಗುತ್ತವೆ? ಅದೃಷ್ಟವೇ?

ಅದೃಷ್ಟದ ಪಾಲು ಇದೆ, ಆದರೆ ಜೀವಶಾಸ್ತ್ರದ ಪಾಲು ದೊಡ್ಡದು. ದೈತ್ಯ ಸ್ಕ್ವಿಡ್ ಶತಮಾನಗಳ ಕಾಲ ಬಹುಮಟ್ಟಿಗೆ ದಡಕ್ಕೆ ಬಂದು ಬಿದ್ದ ಹೆಣವಾಗಿಯೇ ಪರಿಚಿತವಾಗಿತ್ತು. ಜಪಾನಿನ ಸಂಶೋಧಕರಾದ ತ್ಸುನೆಮಿ ಕುಬೊಡೆರಾ ಮತ್ತು ಕ್ಯೊಯಿಚಿ ಮೋರಿ ಅವರು ಸ್ಪರ್ಮ್ ತಿಮಿಂಗಿಲಗಳು ಬೇಟೆಯಾಡುವ ಒಗಸವಾರ ದ್ವೀಪಗಳ ಬಳಿ ಸುಮಾರು 900 ಮೀಟರ್ ಆಳಕ್ಕೆ ಆಹಾರ ಕಟ್ಟಿದ ಕ್ಯಾಮೆರಾ ಇಳಿಸಿ, 2004ರಲ್ಲಿ ಅದರ ಜೀವಂತ ಚಿತ್ರಗಳನ್ನು ಪಡೆದರು. 2012ರಲ್ಲಿ ಅದೇ ಕಡಲಿನ ಆಳದಲ್ಲಿ ಅದರ ವಿಡಿಯೊ ದೊರೆತಾಗ ಸಾಗರವಿಜ್ಞಾನಿ ಎಡಿತ್ ವಿಡ್ಡರ್ ಅವರ ಎರಡು ವಿಚಾರಗಳು ನಿರ್ಣಾಯಕವಾದವು: ಆಳದ ಬಹುತೇಕ ಜೀವಿಗಳಿಗೆ ಕಾಣಿಸದ ಕೆಂಪು ಬೆಳಕಿನಲ್ಲಿ ಚಿತ್ರಿಸುವುದು, ಮತ್ತು ಅಪಾಯಕ್ಕೆ ಸಿಕ್ಕ ಜೆಲ್ಲಿಮೀನು ಹೊಮ್ಮಿಸುವ ನೀಲಿ ಮಿನುಗನ್ನು ಅನುಕರಿಸುವ ಸಾಧನದಿಂದ ಸ್ಕ್ವಿಡ್ಡನ್ನು ಸೆಳೆಯುವುದು. ಗದ್ದಲದ ಯಂತ್ರಗಳನ್ನೂ ಬಿಳಿಯ ದೀಪಗಳನ್ನೂ ಬಿಟ್ಟದ್ದೇ ಅಲ್ಲಿನ ತಂತ್ರ.

ಕಡಿಮೆ ಆಳದಲ್ಲೂ ಹಾಗೆಯೇ. ಹಲವು ಹವಳಗಳು ವರ್ಷದ ನಿರ್ದಿಷ್ಟ ಕಾಲದಲ್ಲಿ, ಹುಣ್ಣಿಮೆಯ ಕೆಲವು ರಾತ್ರಿಗಳ ನಂತರ ಒಟ್ಟಿಗೆ ಅಂಡ ಮತ್ತು ವೀರ್ಯಾಣುಗಳ ಗಂಟುಗಳನ್ನು ಬಿಡುತ್ತವೆ. ಅದಕ್ಕೆ ಸ್ವಲ್ಪ ಮೊದಲು ಹವಳವನ್ನು ಕಟ್ಟುವ ಸಣ್ಣ ಜೀವಿಯಾದ ಪ್ರತಿ ಪಾಲಿಪ್‌ನ ಬಾಯಲ್ಲಿ ಗುಲಾಬಿ ಬಣ್ಣದ ಒಂದು ಮಣಿ ಬಂದು ಕೂರುತ್ತದೆ. ಆ ಮಣಿ ಕಂಡರೆ ದೀಪ ತಗ್ಗಿಸಿ, ಫೋಕಸ್ ಹೊಂದಿಸಿಕೊಂಡು ಅಲ್ಲಿಯೇ ಇರಿ.

ನನ್ನ ಬಳಿ ಸಾವಿರಾರು ಚಿತ್ರಗಳಿವೆ. ವಿಜ್ಞಾನಕ್ಕೆ ಅವುಗಳಿಂದ ಉಪಯೋಗವಿದೆಯೇ?

ದಿನಾಂಕ, ಸಮಯ, ಸ್ಥಳ, ಆಳ ಇದ್ದರೆ ಇದೆ. ಇಲ್ಲದಿದ್ದರೆ ಬಹಳ ಕಡಿಮೆ. ಆದ್ದರಿಂದ ಡೈವ್‌ಗೆ ಮೊದಲು ಕ್ಯಾಮೆರಾದ ಗಡಿಯಾರವನ್ನು, ಆಳವನ್ನೂ ಸಮಯವನ್ನೂ ದಾಖಲಿಸುವ ಡೈವ್ ಕಂಪ್ಯೂಟರಿನ ಗಡಿಯಾರಕ್ಕೆ ಹೊಂದಿಸಿ, ಆಮೇಲೆ ಪ್ರತಿ ಚಿತ್ರದ ಆಳವನ್ನು ಲೆಕ್ಕ ಹಾಕಬಹುದು. ಮಾಂಟಾ ರೇ ಹೊಟ್ಟೆಯ ಮೇಲಿನ ಮಚ್ಚೆಗಳು, ಹಂಪ್‌ಬ್ಯಾಕ್ ತಿಮಿಂಗಿಲದ ಬಾಲದ ಅಡಿಭಾಗ, ವೇಲ್ ಶಾರ್ಕಿನ ಕಿವಿರುಗಳ ಹಿಂದಿನ ಚುಕ್ಕೆಗಳು ಒಂದೊಂದು ಪ್ರಾಣಿಯಲ್ಲೂ ಬೇರೆ ಬೇರೆ. ವೇಲ್ ಶಾರ್ಕಿನ ಚುಕ್ಕೆಗಳನ್ನು ಹೋಲಿಸಲು ಸಂಶೋಧಕರು ಬಳಸಿದ್ದು ಖಗೋಳಶಾಸ್ತ್ರಜ್ಞರು ನಕ್ಷತ್ರಗಳ ವಿನ್ಯಾಸ ಗುರುತಿಸಲು ರೂಪಿಸಿದ್ದ ಗಣಿತ ವಿಧಾನವನ್ನು. ಹೀಗೆ ಪ್ರವಾಸಿಯೊಬ್ಬರ ಹಳೆಯ ಚಿತ್ರವೂ ಆ ಪ್ರಾಣಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಸಬಲ್ಲದು. ಮೂಲ ಕಡತಗಳನ್ನು ಅಳಿಸದೆ ಇಡಿ. ಅಪಾಯದಂಚಿನ ಜೀವಿಗಳ ನಿಖರ ಜಾಗವನ್ನು ಮಾತ್ರ ಸಾರ್ವಜನಿಕವಾಗಿ ಪ್ರಕಟಿಸಬೇಡಿ.

ಎಡಿಟಿಂಗ್‌ನಲ್ಲಿ ಎಷ್ಟು ಬದಲಾಯಿಸಬಹುದು?

ನೀರು ಕದ್ದ ಬಣ್ಣವನ್ನು ಮರಳಿ ತರುವುದು, ಕಾಂಟ್ರಾಸ್ಟ್ ಸರಿಪಡಿಸುವುದು ಒಪ್ಪಿತ. ಜೀವಿಯನ್ನು ಸೇರಿಸುವುದು, ತೆಗೆಯುವುದು, ಬೇರೆ ಹಿನ್ನೆಲೆ ಕೂರಿಸುವುದು ದಾಖಲೆಯೆಂಬ ಹೆಸರಿನಲ್ಲಿ ಎಂದೂ ಸಲ್ಲದು. ಸಂಶೋಧನೆಗೆ ಕೊಡುವ ಚಿತ್ರದಲ್ಲಿ ಬಿಳಿ ಚುಕ್ಕೆಗಳನ್ನು ಅಳಿಸುವುದೂ ಬೇಡ. ಅವುಗಳಲ್ಲಿ ಒಂದು ಲಾರ್ವಾ ಆಗಿರಬಹುದು.

ಒಂದೇ ಹವಳದ ದಿಬ್ಬ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ಕ್ಯಾಮೆರಾದಲ್ಲಿ ಅಳೆಯಬಹುದೇ?

ಅಳೆಯಬಹುದು. ಅದಕ್ಕೆ ಫೋಟೊಗ್ರಾಮೆಟ್ರಿ ಎಂಬ ವಿಧಾನವಿದೆ: ದಿಬ್ಬದ ಮೇಲೆ ಸಾಲು ಸಾಲಾಗಿ ಈಜುತ್ತ, ಒಂದು ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆದು, ಕಂಪ್ಯೂಟರಿನಲ್ಲಿ ಅವುಗಳಿಂದ ಮೂರು ಆಯಾಮದ ಮಾದರಿ ಕಟ್ಟಲಾಗುತ್ತದೆ. ಗುಂಡುಬಂಡೆಯಂತೆ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ, ಹಾಗಾಗಿ ಸಣ್ಣ ತಪ್ಪೂ ಇಡೀ ಅಳತೆಯನ್ನು ನುಂಗಿಬಿಡುತ್ತದೆ. ಗೊತ್ತಿರುವ ಉದ್ದದ ಅಳತೆಪಟ್ಟಿಗಳನ್ನು ದಿಬ್ಬದ ಮೇಲೆ ಹಲವು ಕಡೆ ಇರಿಸಬೇಕು. ಅನುಮತಿ ಪಡೆದು ಜೀವವಿಲ್ಲದ ಕಲ್ಲಿನಲ್ಲಿ ಗುರುತಿನ ಮೊಳೆಗಳನ್ನು ನೆಡಬೇಕು. ಪ್ರತಿ ವರ್ಷ ಅದೇ ಲೆನ್ಸ್, ಅದೇ ಪೋರ್ಟ್, ಅದೇ ಎತ್ತರ ಕಾಯ್ದುಕೊಳ್ಳಬೇಕು, ಜೂಮ್ ಮುಟ್ಟಬಾರದು. ನೆರಳುಗಳು ಗಟ್ಟಿಯಾಗಿ ಬೀಳುವ ನಡುಮಧ್ಯಾಹ್ನಕ್ಕಿಂತ ಮೋಡ ಮುಸುಕಿದ ಹೊತ್ತು ಮೇಲು. ಮೊದಲ ವರ್ಷದ ಕೆಲಸ ಮುಗಿದ ಮೇಲೆ ಅದೇ ದಿನ ಇನ್ನೊಮ್ಮೆ ಪೂರ್ತಿ ಚಿತ್ರಿಸಿ ಎರಡು ಮಾದರಿಗಳನ್ನು ಹೋಲಿಸಿ ನೋಡಿ. ಅವೆರಡರ ನಡುವೆ ಕಾಣುವ ವ್ಯತ್ಯಾಸವೇ ನಿಮ್ಮ ವಿಧಾನದ ದೋಷದ ಅಳತೆ, ಮತ್ತು ಮುಂದಿನ ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆಯನ್ನು ಮಾತ್ರ ಹವಳದ್ದೆಂದು ಬರೆದುಕೊಳ್ಳಬಹುದು.